ಪಡುಗೋಡೆಯ ರುಚಿ

"ಉಜ್ಜೇ, ಗಟ್ಟಿ ಉಜ್ಜು! ನಿನ್ ಗಂಡನ ಬೆನ್ನಲ್ಲ ಅದು, ಸವರ್ತಾ ಕೂರೂಕೆ. ಎಂಥಾ ಹೊಲಸು ಸುಣ್ಣ ಮೆತ್ತಿಟ್ಟು ಸತ್ತ್ನೇ ಆ ಬೋಳಿಮಗ!"

ಮಹಾಗಣಪತಿ ಹೆಗಡೆಯವರ ಬಾಯಿಂದ ಬೈಗುಳವೂ ಎಲೆಯಡಿಕೆ ಕವಳದ ರಸವೂ ಒಟ್ಟೊಟ್ಟಿಗೆ ಹೊರಬೀಳುತ್ತಿದ್ದವು. ಅವರು ಅಂಗಳದಲ್ಲಿ ಕೊಡೆ ಬಿಡಿಸಿ ನೆರಳಿನಲ್ಲಿ ನಿಂತಿದ್ದರು. ಏಣಿಯ ತುದಿಯಲ್ಲಿ ಬೆಳ್ಳಿ ತೆಂಗಿನ ಸಿಪ್ಪೆಗೆ ಬೂದಿ ಹಚ್ಚಿಕೊಂಡು ಗೋಡೆ ತಿಕ್ಕುತ್ತಿದ್ದಳು. ಅವಳ ನಾದಿನಿ ಲಕ್ಕಿ ಏಣಿಯ ಬುಡ ಹಿಡಿದಿದ್ದಳು. ಬೆಳಗಿನಿಂದ ಇಬ್ಬರ ಹೊಟ್ಟೆಗೂ ಏನೂ ಬಿದ್ದಿರಲಿಲ್ಲ. ತಲೆಯ ಮೇಲೆ ಮಾತ್ರ ಬೂದಿ ಧಾರಾಳವಾಗಿ ಬಿದ್ದಿತ್ತು.

"ಉಜ್ಜಿದ್ರೆ ಸುಣ್ಣ ಎದ್ದು ಬತ್ತದೆ ಒಡೆಯಾ, ಕಪ್ಪು ಬರೂದಿಲ್ಲ," ಎಂದಳು ಬೆಳ್ಳಿ.

"ಸುಣ್ಣ ಎದ್ದು ಬಂದ್ರೆ ನಿನ್ ಚರ್ಮ ಎದ್ದು ಬತ್ತದೆ. ಮೆತ್ತಗೆ ಉಜ್ಜು."

"ಗಟ್ಟಿ ಉಜ್ಜೂದಾ, ಮೆತ್ತಗೆ ಉಜ್ಜೂದಾ? ಒಂದ್ ಬಾಯಲ್ಲಿ ಒಂದ್ ಹೇಳೂಕೆ ಇವ್ರಿಗೆ ಎಂತ ರೋಗ," ಎಂದು ಲಕ್ಕಿ ಏಣಿಗೆ ಹೇಳಿದಳು. ಏಣಿ ಯಾರಿಗೂ ಹೇಳಲಿಲ್ಲ.

ಹೆಬಳೆಯ ಹೆಗಡೆಯವರ ಮನೆಯ ಪಡುಗೋಡೆಯನ್ನು ಆ ಕಡೆಯಲ್ಲಿ ನೋಡದವರಿರಲಿಲ್ಲ. ಗೋಡೆ ರಸ್ತೆಗೆ ಮುಖ ಮಾಡಿತ್ತು. ಮಳೆಗಾಲ ಮುಗಿಯುವ ತನಕ ಅದರ ಮೇಲೆ ತೆಂಗಿನ ಮಡಲಿನ ತಟ್ಟಿ ಕಟ್ಟಿರುತ್ತಿದ್ದರು. ದೀಪಾವಳಿ ಕಳೆದು ತಟ್ಟಿ ಬಿಚ್ಚಿದ ದಿನ ಗೋಡೆಯ ಮೇಲೆ ಅವನು ಪ್ರತ್ಯಕ್ಷನಾಗುತ್ತಿದ್ದ. ಎರಡು ಮೊಣಕಾಲು ಎದೆಗೆ ಬಂದಿವೆ, ತಲೆ ಸ್ವಲ್ಪ ಬಾಗಿದೆ, ಹೊಟ್ಟೆ ತೊಡೆಗಳ ನಡುವಿನಿಂದ ಮುಂದೆ ಚಾಚಿದೆ, ಕೆಳಗೆ ನೆಲದ ಹತ್ತಿರ ಒಂದು ಸಣ್ಣ ಗುಡ್ಡೆ. ಕಪ್ಪು ಬಣ್ಣದಲ್ಲಿ, ಆಳೆತ್ತರಕ್ಕೆ, ಹೊರಕಡೆಗೆ ಕೂತ ಒಬ್ಬ ಗಂಡಸು. ಯಾವ ಚಿತ್ರಗಾರನೂ ಅಷ್ಟು ಮನಸ್ಸಿಟ್ಟು ಬರೆಯಲಾರ. ಹೊಟ್ಟೆಯನ್ನು ನೋಡಿದವರು ಹೆಗಡೆಯವರನ್ನು ನೆನೆಸಿಕೊಂಡರೆ ಅದು ನೋಡಿದವರ ತಪ್ಪಲ್ಲ.

ಭಟ್ಕಳದ ಬಸ್ಸಿನ ಕಂಡಕ್ಟರನು ಆ ನಿಲುಗಡೆಗೆ ಹೊಸ ಹೆಸರು ಇಟ್ಟು ಎರಡು ವರ್ಷವಾಗಿತ್ತು. "ಕೂತವ್ನ ಮನೆ! ಕೂತವ್ನ ಮನೆ ಯಾರು ಇಳಿಯೂದು?" ಎಂದು ಅವನು ಕೂಗಿದರೆ ಬಸ್ಸಿನಲ್ಲಿದ್ದವರೆಲ್ಲ ಒಂದೇ ಕಡೆಗೆ ವಾಲುತ್ತಿದ್ದರು.

ಈ ಕಪ್ಪಿಗೆ ಏಳು ವರ್ಷ. ಗೋಡೆಗೆ ಸುಣ್ಣ ಸುಟ್ಟು ಕಲಸಿ ಕೊಟ್ಟವನು ಬೆಳ್ಳಿಯ ಗಂಡ ಈರ. ಹಾಗಾಗಿ ಕಪ್ಪು ಈರನದೇ ಎಂದು ಹೆಗಡೆಯವರು ಮೊದಲ ವರ್ಷವೇ ತೀರ್ಮಾನ ಹೇಳಿದ್ದರು. ನಾಲ್ಕು ವರ್ಷ ಈರ ಬಿಟ್ಟಿಗೆ ಬಂದು ಗೋಡೆ ತಿಕ್ಕಿದ, ಸುಣ್ಣ ಬಳಿದ. ಐದನೆಯ ವರ್ಷ ಸುಣ್ಣದ ಹುಡಿ ಎದೆಯಲ್ಲಿ ಕೂತು, ಕೆಮ್ಮಿ ಕೆಮ್ಮಿ ಸತ್ತ. ಆಸ್ತಿ ಬಂದ ಹಾಗೆ ಗೋಡೆ ಬೆಳ್ಳಿಯ ಪಾಲಿಗೆ ಬಂತು. ಎಷ್ಟು ತಿಕ್ಕಿದರೂ, ಎಷ್ಟು ಬಳಿದರೂ, ಮುಂದಿನ ಮಳೆಗಾಲಕ್ಕೆ ಅವನು ಅದೇ ಜಾಗದಲ್ಲಿ ಅದೇ ಭಂಗಿಯಲ್ಲಿ ಬಂದು ಕೂರುತ್ತಿದ್ದ. ಒಂದೊಂದು ವರ್ಷ ಸ್ವಲ್ಪ ದಪ್ಪವಾಗಿಯೇ ಬರುತ್ತಿದ್ದ.

ಈ ವರ್ಷ ಅದು ನಗೆಯ ಮಾತಾಗಿ ಉಳಿಯಲಿಲ್ಲ. ಹೆಗಡೆಯವರ ಮಗಳು ವಸಂತಿಯನ್ನು ನೋಡಲು ಕುಮಟೆಯಿಂದ ವಕೀಲ ವರನ ಕಡೆಯವರು ಬರುವವರಿದ್ದರು. ಅದಕ್ಕೆ ಇನ್ನು ಹನ್ನೆರಡು ದಿನ.

"ಕೇಳ್ಕ," ಎಂದರು ಹೆಗಡೆಯವರು ಕೊಡೆಯ ತುದಿಯನ್ನು ಮೇಲೆತ್ತಿ. "ಅವ್ರು ಬರೂದ್ರೊಳಗೆ ಈ ಮುಂಡೆಗಂಡ ಗೋಡೆ ಮೇಲಿಂದ ಎದ್ದು ಹೋಗ್ಬೇಕು. ಹೋಗ್ಲಿಲ್ಲ ಅಂದ್ರೆ ಹೊಳೆಬದಿ ನಿನ್ ಗೂಡು ಕೀಳಿಸ್ತೆ, ಗುಡಿಸ್ಲು ಕೀಳಿಸ್ತೆ, ತೆಂಗಿನ ಸಸಿ ನೆಡಿಸ್ತೆ. ಸಸಿ ಆಗ್ಲೇ ಮುಟ್ಟಳ್ಳಿಯಿಂದ ತರ್ಸಿ ಆಯ್ತು."

ಬೆಳ್ಳಿಯ ಕೈ ನಿಂತಿತು. ಸಸಿಗಳನ್ನು ಅವಳು ನೋಡಿದ್ದಳು. ಕೊಟ್ಟಿಗೆಯ ಹಿಂದೆ ಸಾಲಾಗಿ ಇಟ್ಟಿದ್ದವು, ನಲವತ್ತು.

ತೆಂಗಿನಗುಂಡಿಯ ಹೊಳೆಯಂಚಿನಲ್ಲಿ ಅವಳ ಗುಡಿಸಲು. ಅದರ ಪಕ್ಕದಲ್ಲಿ ಚಿಪ್ಪಿ ಸುಡುವ ಗೂಡು. ಇಳಿತದ ಹೊತ್ತಿನಲ್ಲಿ ಸೊಂಟದ ತನಕ ಕೆಸರಿನಲ್ಲಿ ನಿಂತು ಬಳಚಿನ ಚಿಪ್ಪಿ ಆರಿಸುವುದು, ಗೂಡಿನಲ್ಲಿ ಇದ್ದಿಲಿನ ಜೊತೆ ಪದರ ಪದರವಾಗಿ ತುಂಬಿ ಸುಡುವುದು, ಬೆಳ್ಳಗಾದ ಚಿಪ್ಪಿಯನ್ನು ಬುಟ್ಟಿಯಲ್ಲಿ ಹೊತ್ತು ಮಾರುವುದು, ಇಷ್ಟೇ ಅವಳಿಗೆ ಗೊತ್ತಿದ್ದ ಕೆಲಸ. ಗೂಡು ಈರನ ಅಜ್ಜ ಕಟ್ಟಿದ್ದು. ಅದರ ಕೆಳಗಿನ ನೆಲ ಮಾತ್ರ ಹೆಗಡೆಯವರದು. ಗೂಡನ್ನು ತಲೆಯ ಮೇಲೆ ಹೊತ್ತುಕೊಂಡು ಹೋಗಲು ಬರುವುದಿಲ್ಲ.

ಮರುದಿನ ಹೆಗಡೆಯವರ ಅಣ್ಣನ ಮಗ ನಾಗಪತಿ ಬಂದ. ಅವನು ಓವರ್ಸಿಯರ್ ಪರೀಕ್ಷೆ ಪಾಸಾಗಿ ಹೊಸ ರಸ್ತೆಯ ಕೆಲಸ ನೋಡುತ್ತಿದ್ದ. ಖಾಕಿ ಚಡ್ಡಿ, ಕಪ್ಪು ಕನ್ನಡಕ. ಗೋಡೆಯನ್ನು ಬೆರಳಿನಲ್ಲಿ ಕುಟ್ಟಿ, ಕಿವಿಯಿಟ್ಟು, "ಕೆಮಿಕಲ್ ಬೇಕು," ಎಂದ. ಸಂಜೆಯೊಳಗೆ ಒಂದು ಡಬ್ಬಿ ಕಾಸ್ಟಿಕ್ ಸೋಡಾ ಬಂತು.

"ಬರಿಗೈ ಹಾಕ್ಬಹುದಾ ಸಾಹೇಬ್ರೇ?" ಎಂದು ಲಕ್ಕಿ ಕೇಳಿದಳು.

"ಸುಣ್ಣದಲ್ಲಿ ಹುಟ್ಟಿ ಬೆಳೆದವರಿಗೆ ಎಂತ ಆಗ್ತದೆ? ಹಾಕು, ಹಾಕು."

ಅರ್ಧ ಗಳಿಗೆಯಲ್ಲಿ ಲಕ್ಕಿಯ ಅಂಗೈ ಚರ್ಮ ಬೇಯಿಸಿದ ಗೆಣಸಿನ ಸಿಪ್ಪೆಯ ಹಾಗೆ ಬಿಟ್ಟುಕೊಂಡಿತು. ಅವಳು ಕೊಟ್ಟಿಗೆಯ ಪಕ್ಕದ ಕೊಚ್ಚೆಯಲ್ಲಿ ಕೈ ಅದ್ದಿಕೊಂಡು ಓವರ್ಸಿಯರನ ತಾಯಿ, ಅಜ್ಜಿ, ಹುಟ್ಟಲಿರುವ ಮಕ್ಕಳು ಎಲ್ಲರನ್ನೂ ಹೆಸರು ಹಿಡಿದು ವಿಚಾರಿಸಿದಳು. ಕಪ್ಪು ಹೋಗಲಿಲ್ಲ. ಸೋಡಾ ನೀರು ಹರಿದ ಕಡೆ ಪಾಚಿ ಕರಗಿ ಇಳಿದು, ಕೂತವನ ಕೆಳಗಿನಿಂದ ನೆಲದ ತನಕ ಮೂರು ಉದ್ದ ಹಳದಿ ಗೆರೆ ಮೂಡಿದವು. ಇಷ್ಟು ವರ್ಷ ನೆಮ್ಮದಿಯಾಗಿ ಕೂತಿದ್ದವನಿಗೆ ಭೇದಿ ಹಿಡಿಯಿತು.

ಅವತ್ತು ಸಂಜೆಯ ಬಸ್ಸು ಅಗತ್ಯಕ್ಕಿಂತ ಹೆಚ್ಚು ಹೊತ್ತು ನಿಂತಿತು.

ನಾಲ್ಕನೆಯ ದಿನ ಪುರೋಹಿತ ವಿಘ್ನೇಶ್ವರ ಭಟ್ಟರನ್ನು ಕರೆಸಿದರು. ಭಟ್ಟರು ಅಂಗಳದಲ್ಲಿ ಮಣೆ ಹಾಕಿಸಿಕೊಂಡು ಕವಡೆ ಚೆಲ್ಲಿದರು, ಬೆರಳು ಮಡಚಿದರು, ಗೋಡೆಯನ್ನು ನೋಡಿದರು, ಮತ್ತೆ ಬೆರಳು ಮಡಚಿದರು. ಜಗಲಿಯ ಬಾಗಿಲಲ್ಲಿ ಹೆಗಡೆಯವರ ಹೆಂಡತಿ ನರ್ಮದಾ ಕಂಬಕ್ಕೊರಗಿ ನಿಂತಿದ್ದರು, ನಾಗಪತಿ ಮೆಟ್ಟಿಲ ಮೇಲೆ ಕೂತಿದ್ದ. ಬೆಳ್ಳಿಯೂ ಲಕ್ಕಿಯೂ ಇಪ್ಪತ್ತು ಮಾರು ದೂರದಲ್ಲಿ, ಗೋಡೆಯ ಬುಡದಲ್ಲಿ, ಅಪರಾಧಿಗಳ ಹಾಗೆ ಕೂತಿದ್ದರು.

"ಪ್ರೇತ ಇದ್ದು," ಎಂದರು ಭಟ್ಟರು. "ಸುಣ್ಣ ಕಲಸಿದವನದೇ. ಗತಿ ಸಿಕ್ಕಿದ್ದಿಲ್ಲೆ. ಅವ ಗೋಡೆ ಹಿಡ್ಕಂಡು ಕೂತಿದ್ದ."

"ಈರನಾ?" ಎಂದರು ಹೆಗಡೆಯವರು. ಅವರಿಗೆ ಒಂದು ಬಗೆಯ ಸಮಾಧಾನವೇ ಆದಂತೆ ಕಂಡಿತು. "ಕಂಡ್ಯನೇ ಬೆಳ್ಳಿ? ಸತ್ತ ಮೇಲೂ ನಿನ್ ಗಂಡ ನನ್ ಗೋಡೆ ಮೇಲೆ ಕೂತು ಹೇಲ್ತಿದ್ದ!"

ಬೆಳ್ಳಿ ಎದ್ದು ನಿಂತಳು. ಮೂರು ದಿನದಿಂದ ಬಾಯಿ ಮುಚ್ಚಿದ್ದವಳು. ಬಾಯಿ ಮುಚ್ಚಿದ್ದು ಗೂಡಿಗೋಸ್ಕರ.

"ಬದುಕಿದ್ದಾಗ ಅವ್ನಿಗೆ ಈ ಗೋಡೆಗೆ ಒರಗೂಕೆ ಬಿಟ್ಟಿರ್ಲಿಲ್ಲ ಒಡೆಯಾ. ಸತ್ತ ಮೇಲೆ ಹೇಲೂಕೆ ಬಿಟ್ರಾ?"

ನರ್ಮದಾ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಭಟ್ಟರು ಕವಡೆಗಳನ್ನು ಎಣಿಸತೊಡಗಿದರು.

"ಎಂತಂದ್ಯೇ, ಹಡಬೆ?" ಹೆಗಡೆಯವರು ಕೊಡೆ ಮುಚ್ಚಿ ಕೋಲಿನ ಹಾಗೆ ಹಿಡಿದರು. "ಎಂತಂದ್ಯೇ?"

ಬೆಳ್ಳಿ ಗೋಡೆಯ ಕಡೆಗೆ ತಿರುಗಿದಳು. ಬಾಗಿ, ಸೋಡಾ ಗೆರೆ ತಪ್ಪಿಸಿ, ಕೂತವನ ಕುಂಡಿಯ ಜಾಗಕ್ಕೆ ಸರಿಯಾಗಿ ನಾಲಿಗೆ ಚಾಚಿ, ಗೋಡೆಯನ್ನು ನೆಕ್ಕಿದಳು. ಒಮ್ಮೆಯಲ್ಲ, ಪಾಯಸದ ಹುಟ್ಟು ನೆಕ್ಕುವ ಹಾಗೆ ಕೆಳಗಿನಿಂದ ಮೇಲಕ್ಕೆ ಉದ್ದಕ್ಕೆ ನೆಕ್ಕಿದಳು.

ಭಟ್ಟರ ಎಣಿಕೆ ತಪ್ಪಿತು.

"ನೆಕ್ಕಿದ್ಲು!" ಹೆಗಡೆಯವರ ದನಿ ಸೀಳಿತು. "ಥೂ ಥೂ ಥೂ! ನನ್ ಗೋಡೆಗೆ ಇವಳ ಎಂಜಲು! ಭಟ್ರೇ!"

"ಉಪ್ಪು," ಎಂದಳು ಬೆಳ್ಳಿ ಬಾಯಿ ಒರೆಸಿಕೊಂಡು. "ಪ್ರೇತ ಅಲ್ಲ, ಎಂತದೂ ಅಲ್ಲ. ಉಪ್ಪು. ಮಳೆಗಾಲದಲ್ಲಿ ನಿಮ್ಮ ಅಡಿಗೆಮನೆಲಿ ಉಪ್ಪು ತುಂಬಿದ ಮರದ ಮರಿಗೆ ಬೆವರೂದಿಲ್ವಾ? ಹಾಂಗೇ ಗೋಡೆನೂ ಬೆವರ್ತದೆ. ಬೆವರಿದಲ್ಲಿ ಪಾಚಿ ಹಿಡೀತದೆ. ಮೇಲೆ ಎಷ್ಟು ಉಜ್ಜಿದ್ರೂ ಒಳಗೆ ಉಪ್ಪು ಅದೆ."

"ಗೋಡೆ ಒಳಗೆ ಉಪ್ಪು ಎಲ್ಲಿಂದ ಬಂತೇ? ನಿನ್ ಅಪ್ಪ ತಂದು ಹಾಕಿದ್ನಾ?"

"ನೀವೇ ಹಾಕ್ಸಿದ್ದು ಒಡೆಯಾ."

ಏಳು ವರ್ಷದ ಹಿಂದಿನ ಆ ವೈಶಾಖವನ್ನು ಬೆಳ್ಳಿ ಮರೆತಿರಲಿಲ್ಲ. ಮನೆಯ ಹಿಂದೆ ಹೊಂಡ ತೋಡಿ, ಸುಟ್ಟ ಚಿಪ್ಪಿ ಸುರಿದು, ಅವಳೂ ಈರನೂ ನೀರಿಗೆ ಕಾಯುತ್ತ ಕೂತಿದ್ದರು. ಸುಟ್ಟ ಚಿಪ್ಪಿಗೆ ನೀರು ಹೊಯ್ದಾಗಲೇ ಅದು ಕುದಿದು ಸುಣ್ಣವಾಗುವುದು, ಆ ನೀರು ಸಿಹಿ ಇರಬೇಕು. ಸಿಹಿನೀರಿನ ಬಾವಿ ಅಂಗಳದ ಮೂಲೆಯಲ್ಲಿ, ಇಪ್ಪತ್ತು ಹೆಜ್ಜೆ. ಅವರು ಅದನ್ನು ಮುಟ್ಟುವಂತಿರಲಿಲ್ಲ. ಮನೆಯವರು ಯಾರಾದರೂ ಸೇದಿ ಹೊಯ್ಯಬೇಕು. ಮನೆಯ ಆಳುಗಳೆಲ್ಲ ಗದ್ದೆಗೆ ಹೋಗಿದ್ದರು. ಮನೆಯವರಿಗೆ ಊಟದ ಹೊತ್ತು, ಆಮೇಲೆ ಮಲಗುವ ಹೊತ್ತು. ಮೂರು ದಿನ ಕಾದ ಮೇಲೆ ಹೆಗಡೆಯವರು ಜಗಲಿಯಿಂದಲೇ ಕೂಗಿದ್ದರು: "ಹೊಳೆ ನೀರು ನೀರಲ್ವನಾ? ನಿಮ್ಮ ಸುಣ್ಣಕ್ಕೆ ಗಂಗೆನೇ ಬರ್ಬೇಕನಾ?"

"ಉಪ್ಪುನೀರಿನ ಸುಣ್ಣ ಅಳ್ತದೆ ಒಡೆಯಾ," ಎಂದಿದ್ದ ಈರ.

"ಅಳೂದು ಹೆಂಗೆ ಅಂತ ನಾ ಕಲಿಸ್ತೆ," ಎಂದು ಹೆಗಡೆಯವರು ಇದೇ ಕೊಡೆಯ ಹಿಡಿಯಿಂದ ಅವನ ಕಿವಿಯ ಮೇಲೆ ಹೊಡೆದಿದ್ದರು. ಈರ ಕಡಲು ಏರಿಬರುವ ಹೊಳೆಯಿಂದ ಆ ಉಪ್ಪುನೀರನ್ನೇ ಹೊತ್ತ. ಮೊದಲ ಮಳೆಗಾಲ ಕಳೆದು ಕಪ್ಪು ಬಂದಾಗ, ಹೋಗಿ ಕಾರಣ ಹೇಳು ಎಂದು ಬೆಳ್ಳಿ ಎಷ್ಟು ಹೇಳಿದರೂ ಅವನು ಒಪ್ಪಲಿಲ್ಲ. "ಒಂದ್ ಸಲ ಹೇಳಿದ್ದೆ. ಇನ್ನು ಬೇಕಾದ್ರೆ ಗೋಡೇನೇ ಹೇಳ್ಲಿ," ಎಂದಿದ್ದ. ಗೋಡೆ ತನಗೆ ಬಂದ ರೀತಿಯಲ್ಲಿ ಹೇಳಿತ್ತು. ಪ್ರತಿ ವರ್ಷ ಕೂತವನನ್ನು ನೋಡಿದಾಗ ಬೆಳ್ಳಿಗೆ ಒಳಗೊಳಗೇ ಖುಷಿಯಾಗುತ್ತಿದ್ದುದೂ ಸುಳ್ಳಲ್ಲ.

"ಸುಳ್ಳು," ಎಂದರು ಹೆಗಡೆಯವರು. "ನಾ ಹಾಂಗೆ ಹೇಳೇ ಇಲ್ಲ. ಉಪ್ಪೂ ಇಲ್ಲ, ಎಂತದೂ ಇಲ್ಲ."

"ಸುಳ್ಳಾದ್ರೆ ನೀವೇ ನೆಕ್ಕಿ ನೋಡಿ."

ಲಕ್ಕಿ ಏಣಿಯನ್ನು ಎರಡೂ ತೋಳಿನಲ್ಲಿ ತಬ್ಬಿಕೊಂಡಳು.

ಹೆಗಡೆಯವರು ನಾಗಪತಿಯ ಮುಖ ನೋಡಿದರು. "ತುಂಡು ಕೆತ್ತಿ ಧಾರವಾಡಕ್ಕೆ ಕಳಿಸಿದ್ರೆ ಪರೀಕ್ಷೆ ಮಾಡಿ ಹೇಳ್ತ ಅಪ್ಪಚ್ಚಿ," ಎಂದ ನಾಗಪತಿ ಚಿಕ್ಕಪ್ಪನಿಗೆ. "ಎರಡು ತಿಂಗಳು ಹಿಡೀತು."

"ನೀ ನೆಕ್ಕು."

"ಯಂಗೆ ಗಂಟಲು ನೋವಿದ್ದು."

ಹೆಗಡೆಯವರು ಭಟ್ಟರ ಮುಖ ನೋಡಿದರು. "ಆನು ಇವತ್ತು ಉಪವಾಸ," ಎಂದರು ಭಟ್ಟರು. ಆಮೇಲೆ ಯೋಚನೆ ಮಾಡಿ, "ಉಪ್ಪಿಗೆ ಮೈಲಿಗೆ ಹೇಳಿ ಇಲ್ಲೆ. ಉಪ್ಪೇ ಹೌದಾದ್ರೆ ದೋಷ ಇಲ್ಲೆ," ಎಂದು ಸೇರಿಸಿದರು.

"ಉಪ್ಪು ಅಲ್ದಿದ್ರೆ?"

"ಅಲ್ದಿದ್ರೆ ತಲೆಗೆ ನೀರು ಹೊಯ್ಕಂಡು ಮೀಯವು, ಅಷ್ಟೇ ಸೈ."

ಹನ್ನೆರಡು ದಿನದಲ್ಲಿ ನಾಲ್ಕು ಕಳೆದಿತ್ತು. ಹೆಗಡೆಯವರು ಕೊಡೆಯನ್ನು ನಾಗಪತಿಯ ಕೈಗೆ ಕೊಟ್ಟರು. ಬಾಯಲ್ಲಿದ್ದ ಕವಳ ಉಗಿದು, ಚೊಂಬಿನ ನೀರಿನಲ್ಲಿ ಬಾಯಿ ಮುಕ್ಕಳಿಸಿದರು. ಗೋಡೆಯ ಹತ್ತಿರ ಹೋಗಿ ಮೇಲಿನ ಒಣಗಿದ ಜಾಗಕ್ಕೆ ಮುಖ ಒಯ್ದರು.

"ಅಲ್ಲಿ ರುಚಿ ಸಿಕ್ಕೂದಿಲ್ಲ ಒಡೆಯಾ, ಬಿಸ್ಲಿಗೆ ಒಣಗಿದೆ," ಎಂದಳು ಬೆಳ್ಳಿ, ಮನೆಗೆ ಬಂದವರಿಗೆ ಬಡಿಸುವ ದನಿಯಲ್ಲಿ. "ಕೆಳಗೆ ಬನ್ನಿ. ಇನ್ನೂ ಕೆಳಗೆ. ಹಾಂ, ಅಲ್ಲಿ. ಅಲ್ಲೇ ಜಾಸ್ತಿ ಅದೆ."

ಹೆಗಡೆಯವರು ಮೊಣಕಾಲಿನ ಮೇಲೆ ಎರಡೂ ಕೈ ಊರಿ ಬಾಗಿದರು. ಹೊಟ್ಟೆ ತೊಡೆಗಳ ನಡುವಿನಿಂದ ಮುಂದೆ ಬಂತು. ಕಣ್ಣು ಮುಚ್ಚಿಕೊಂಡು, ಕೂತವನ ಕುಂಡಿಯನ್ನು ನೆಕ್ಕಿದರು.

ಅವರ ಮುಖ ಚೂರು ಕಿವುಚಿತು. ನಾಲಿಗೆ ಬಾಯೊಳಗೆ ಹೋಗಿ ಸ್ವಲ್ಪ ಹೊತ್ತು ವಿಚಾರ ಮಾಡಿತು. ಖಾತ್ರಿ ಮಾಡಿಕೊಳ್ಳಲು ಇರಬೇಕು, ಮತ್ತೊಮ್ಮೆ ನೆಕ್ಕಿದರು.

"ಉಪ್ಪು," ಎಂದರು ಸಣ್ಣ ದನಿಯಲ್ಲಿ.

ಅವತ್ತು ಸಂಜೆ ತೆಂಗಿನಗುಂಡಿಯ ಕೇರಿಯಲ್ಲಿ ಲಕ್ಕಿ ಈ ಕಥೆಯನ್ನು ಏಳು ಸಲ ಹೇಳಿದಳು. ಎಂಟನೆಯ ಸಲ ಹೇಳಲು ಬಾರದಷ್ಟು ನಗು ಬಂದು, ಸುಟ್ಟ ಕೈಯನ್ನು ಎತ್ತಿ ಹಿಡಿದುಕೊಂಡು, ತಾನೇ ಬಾಗಿ ತನ್ನ ಗುಡಿಸಲಿನ ತಟ್ಟಿಯನ್ನು ನೆಕ್ಕಿ ತೋರಿಸಿದಳು. ಮೀನು ಹೊತ್ತು ಬರುತ್ತಿದ್ದ ಮಂಜಿ ಬುಟ್ಟಿ ಇಳಿಸಿ ನೆಲಕ್ಕೆ ಕೂತುಬಿಟ್ಟಳು. ಬೆಳ್ಳಿ ನಗಲಿಲ್ಲ. ಉಪ್ಪು ಹೌದು ಎಂದು ತೋರಿಸಿ ಆಗಿತ್ತು. ಉಪ್ಪು ಹೋಗದಿದ್ದರೆ ಗೂಡು ಹೋಗುತ್ತಿತ್ತು.

ಉಪ್ಪು ತೆಗೆಯುವ ಕ್ರಮ ಕೇರಿಯವರಿಗೆಲ್ಲ ಗೊತ್ತಿದ್ದದ್ದೇ. ಮೀನಿಗೆ ಉಪ್ಪು ಹಾಕಿಟ್ಟ ಗಡಿಗೆಯನ್ನು ಬೇರೆ ಕೆಲಸಕ್ಕೆ ಬಳಸಬೇಕಾದರೆ ಸಿಹಿನೀರಿನಲ್ಲಿ ಜೇಡಿಮಣ್ಣು ಕಲಸಿ ಅದಕ್ಕೆ ದಪ್ಪಗೆ ಮೆತ್ತಿ ಒಣಗಿಸುತ್ತಿದ್ದರು. ಮಣ್ಣು ಒಣಗುತ್ತ ಗಡಿಗೆಯೊಳಗಿನ ಉಪ್ಪನ್ನು ಎಳೆದುಕೊಳ್ಳುತ್ತಿತ್ತು. ಮೂರು ಸಲ ಮೆತ್ತಿ ಮೂರು ಸಲ ಕೆರೆದರೆ ಗಡಿಗೆ ಸಪ್ಪೆ. ಗೋಡೆ ಅಂದರೆ ಒಂದು ದೊಡ್ಡ ಗಡಿಗೆ, ಅಷ್ಟೇ.

"ಮಣ್ಣು ನಾ ತತ್ತೆ," ಎಂದಳು ಬೆಳ್ಳಿ ಮರುದಿನ. "ಸಿಹಿನೀರು ನೀವು ಕೊಡ್ಬೇಕು. ಗೋಡೆ ಮೊದ್ಲು ನೆನೀಬೇಕು, ಆಮೇಲೆ ಮಣ್ಣು ಕಲಸ್ಬೇಕು. ದಿನಕ್ಕೆ ಎಪ್ಪತ್ತು ಕೊಡ."

"ಎಪ್ಪತ್ತಾ! ನಿಮ್ಮ ಕೇರಿ ನೀರು ತಾ."

"ನಮ್ಮದು ಮರಳಲ್ಲಿ ತೋಡಿದ ಗುಂಡಿ. ಒಂದ್ ಕೊಡ ತುಂಬೂಕೆ ಮುಕ್ಕಾಲು ತಾಸು ಗೋರ್ಬೇಕು. ಎಪ್ಪತ್ತು ಕೊಡ ಆಗೂ ಹೊತ್ತಿಗೆ ವಸಂತಮ್ಮಂಗೆ ಮೊಮ್ಮಕ್ಳಾಗ್ತಾರೆ."

ಸೇದಲು ಆಳುಗಳಿರಲಿಲ್ಲ. ಹೆಗಡೆಯವರ ಆಳುಗಳೆಲ್ಲ ನಾಗಪತಿಯ ರಸ್ತೆಗೇ ಜಲ್ಲಿ ಒಡೆಯಲು ಹೋಗಿಬಿಟ್ಟಿದ್ದರು. ಅಲ್ಲಿ ಕೂಲಿ ಕೊಡುತ್ತಿದ್ದರು.

ಹೀಗೆ, ಆ ಐದಾರು ದಿನ ಹೆಬಳೆಯಲ್ಲಿ ಹಿಂದೆ ಯಾರೂ ನೋಡಿರದ ಒಂದು ಕೆಲಸ ನಡೆಯಿತು. ಬಾವಿಕಟ್ಟೆಯ ಮೇಲೆ ಹೆಗಡೆಯವರು, ನರ್ಮದಾ, ನಾಗಪತಿ ಸರದಿಯಂತೆ ಹಗ್ಗ ಹಿಡಿದರು. ಪ್ರೇತ ಬಿಡಿಸುವ ಹೋಮದ ದಕ್ಷಿಣೆ ತಪ್ಪಿಹೋದ ವಿಘ್ನೇಶ್ವರ ಭಟ್ಟರು ಊಟದ ಆಸೆಗೆ ಬಂದು ಅವರೂ ಸಿಕ್ಕಿಬಿದ್ದರು. ಸೇದಿದ ನೀರನ್ನು ಹೊತ್ತು ತಂದು, ಬೆಳ್ಳಿಯ ಕೊಡಕ್ಕೆ ತಾಗದ ಹಾಗೆ ಎದೆಯೆತ್ತರದಿಂದ ಹೊಯ್ಯಬೇಕು. ಬೆಳ್ಳಿ ಸೊಂಟದ ಮೇಲೆ ಕೈಯಿಟ್ಟು ನಿಂತಿರುತ್ತಿದ್ದಳು. ಕೊಡ ತುಂಬಿದರೆ, "ಇನ್ನೊಂದು," ಎನ್ನುತ್ತಿದ್ದಳು.

"ಕಾನೂನು ಬಂದಿದ್ದು ಅಪ್ಪಚ್ಚಿ, ಬಾವಿ ಮುಟ್ಟಡ ಹೇಳುವ ಹಾಂಗೆ ಇಲ್ಲೆ ಈಗ," ಎಂದ ನಾಗಪತಿ, ಏದುಸಿರು ಬಿಡುತ್ತ, ಎದೆಯೆತ್ತರದಿಂದ ನೀರು ಹೊಯ್ಯುತ್ತ.

"ಕಾನೂನು ನಿನ್ನ ರಸ್ತೆ ಮೇಲೆ ಇಟ್ಕ," ಎಂದರು ಹೆಗಡೆಯವರು. ಅವರ ಭುಜಕ್ಕೆ ಎಣ್ಣೆ ಹಚ್ಚಿ ಬಿಸಿ ಬಟ್ಟೆ ಕಟ್ಟಿತ್ತು.

"ಇನ್ನೊಂದು," ಎಂದಳು ಬೆಳ್ಳಿ.

ಮೊದಲ ಸಲ ಮೆತ್ತಿದ ಮಣ್ಣು ಒಣಗಿದಾಗ ಅದರ ಮೇಲೆ ಬಿಳಿ ಹೂ ಎದ್ದಿತ್ತು. ಕೆರೆದು ಬುಟ್ಟಿಯಲ್ಲಿ ತುಂಬಿ ಹೊಳೆಗೆ ಸುರಿದರು. ಎರಡನೆಯದಕ್ಕೆ ಹೂ ಕಡಿಮೆ. ಕೂತವನ ತಲೆ ಹೋಯಿತು, ಮೊಣಕಾಲು ಹೋಯಿತು, ಹೊಟ್ಟೆ ಮಾತ್ರ ಹಟ ಹಿಡಿದು ಒಂದು ದಿನ ಹೆಚ್ಚು ಉಳಿಯಿತು. ದಿನವೂ ಬೆಳಗ್ಗೆ ಬೆಳ್ಳಿ ಗೋಡೆ ನೆಕ್ಕಿ ನೋಡುತ್ತಿದ್ದಳು. ಎರಡನೆಯ ಬೆಳಗ್ಗೆಯಿಂದ ಅವಳ ನಾಲಿಗೆ ಮುಟ್ಟುವ ಮೊದಲೇ ಅಲ್ಲಿ ಸಣ್ಣಗೆ ಒದ್ದೆಯಾದ ಗುರುತೊಂದು ಇರುತ್ತಿತ್ತು. ಅವಳು ನೆಕ್ಕುವ ಜಾಗಕ್ಕಿಂತ ಒಂದು ಗೇಣು ಮೇಲೆ, ಸ್ವಲ್ಪ ಕವಳದ ಕೆಂಪು ಬಣ್ಣದ್ದು. ಅವಳು ಅದನ್ನು ಲಕ್ಕಿಗೆ ತೋರಿಸಿದಳು. ಲಕ್ಕಿ ಅವತ್ತು ಮಣ್ಣು ಕಲಸಲಾಗದೆ ಕೊಟ್ಟಿಗೆಯ ಹಿಂದೆ ಹೋಗಿ ಕೂತಳು.

ಒಂದು ಮಧ್ಯಾಹ್ನ ಗಂಡಸರೆಲ್ಲ ಉಂಡು ಮಲಗಿದ್ದರು. ನರ್ಮದಾ ಒಬ್ಬರೇ ಹಗ್ಗ ಹಿಡಿದಿದ್ದರು. ಅವರ ಅಂಗೈಯ ಬೊಕ್ಕೆ ಒಡೆದು ಹಗ್ಗಕ್ಕೆ ನೀರು ಹತ್ತಿತ್ತು. ಕೊಡವನ್ನು ಕಟ್ಟೆಯ ಮೇಲಿಟ್ಟು ಸುತ್ತ ನೋಡಿದರು.

"ನೀನೇ ಸೇದ್ಕಳೇ ಬೆಳ್ಳಿ," ಎಂದರು ಮೆಲ್ಲಗೆ. "ಯಂಗೆ ಕೈ ಬತ್ತಿಲ್ಲೆ. ಈಗ ಯಾರೂ ಇಲ್ಲೆ, ಯಾರೂ ನೋಡ್ತ್ವಿಲ್ಲೆ."

ಬೆಳ್ಳಿ ಆ ಕೈಯನ್ನು ನೋಡಿದಳು. ಲಕ್ಕಿಯ ಕೈಯಷ್ಟು ಬೆಂದಿರಲಿಲ್ಲ, ಆದರೆ ನೋಯುತ್ತಿತ್ತು ಎಂಬುದು ಕಾಣುತ್ತಿತ್ತು. ಬಾವಿ ಐದು ಹೆಜ್ಜೆಯಲ್ಲಿತ್ತು.

"ಯಾರೂ ನೋಡೂದಿಲ್ಲ ಅಂದ್ರೆ ಬೇಡ ಅಮ್ಮ," ಎಂದಳು. "ನೋಡುವಾಗ ಸೇದ್ತೆ."

ನರ್ಮದಾ ಮತ್ತೆ ಹಗ್ಗ ಇಳಿಸಿದರು. ಗಡಗಡೆ ಕಿರುಗುಟ್ಟಿತು.

ಬೀಗರು ಬರುವ ದಿನ ಬೆಳಗ್ಗೆ ಗೋಡೆಯ ಮೇಲೆ ಯಾರೂ ಇರಲಿಲ್ಲ. ಬೆಳ್ಳಿ ಮೂರು ಕಡೆ ನೆಕ್ಕಿದಳು. ಮಣ್ಣಿನ ರುಚಿ, ಅಷ್ಟೇ. ಕೆರೆದ ಗೋಡೆ ಬೋಳುಬೋಳಾಗಿ, ಕೋಳಿಯ ಪುಕ್ಕ ಕಿತ್ತ ಹಾಗೆ ಕಾಣುತ್ತಿತ್ತು. ಇನ್ನು ಅದರ ಮೇಲೆ ಒಂದು ಸಲ ತೆಳ್ಳಗೆ ಹೊಸ ಸುಣ್ಣ ಬಳಿದರೆ ಕೆಲಸ ಮುಗಿಯಿತು. ಕುಮಟೆಯವರು ಹೊನ್ನಾವರದಲ್ಲಿ ಹೊಳೆ ದಾಟಿ ಬರಬೇಕು, ಮೂರು ಗಂಟೆಯ ಬಸ್ಸಿಗೆ ಬಂದಾರು. ಅಷ್ಟರೊಳಗೆ ಒಣಗುತ್ತದೆ. ಅವಳು ಗೂಡಿನಿಂದ ತಂದ ಚಿಪ್ಪಿಯನ್ನು ಜರಡಿ ಹಿಡಿದಳು. ಕೂದಲು, ಮುಖ, ಸೀರೆ, ಕೈಕಾಲು ಎಲ್ಲ ಬೆಳ್ಳಗಾದವು. ರೆಪ್ಪೆಯೂ ಬೆಳ್ಳಗಾಯಿತು. ಮುಗಿಸಿ ಚಿಪ್ಪಿಯನ್ನು ಹೊಂಡಕ್ಕೆ ಸುರಿದಳು.

"ನೀರು ಬೇಕು ಒಡೆಯಾ. ಹತ್ತು ಕೊಡ ಸಾಕು."

ಹೆಗಡೆಯವರು ರೇಷ್ಮೆ ಅಂಚಿನ ಪಂಚೆ ಉಟ್ಟು ಜಗಲಿಯಲ್ಲಿ ನಿಂತಿದ್ದರು. ಭುಜ ಮುಟ್ಟಿ ನೋಡಿಕೊಂಡರು. ಗೋಡೆಯನ್ನು ನೋಡಿದರು. ಗೋಡೆ ಚೆನ್ನಾಗಿಯೇ ಇತ್ತು.

"ಇನ್ನೆಂತಕ್ಕೆ ಸಿಹಿನೀರು? ಕಪ್ಪು ಹೋಯ್ತಲ್ವನೇ," ಎಂದರು. "ಹೊಳೆ ನೀರು ತಾ."

ಬೆಳ್ಳಿ ತಪ್ಪಾಗಿ ಕೇಳಿಸಿತೋ ಎಂದು ಅವರ ಬಾಯಿ ನೋಡಿದಳು.

"ಹೊಳೆ ನೀರು ಹಾಕಿದ್ರೆ ಮತ್ತೆ ಬತ್ತದೆ ಒಡೆಯಾ. ಬರೂ ಮಳೆಗಾಲಕ್ಕೇ ಬತ್ತದೆ."

"ಬಂದ್ರೆ ನೀನಿದ್ಯಲ, ಬಂದು ಉಜ್ಜು. ಉಜ್ಜೂಕೆ ಆಗ್ದಿದ್ರೆ ಸಸಿ ಇದ್ದೇ ಇದ್ದು." ಹೆಗಡೆಯವರು ಕವಳದ ತಟ್ಟೆಗೆ ಕೈ ಹಾಕಿದರು. "ಐದು ದಿನ ನಿನ್ನ ಚಾಕರಿ ಮಾಡಿ ಆಯ್ತು ನಂಗೆ. ದೊಡ್ಡ ರಾಣಿ ಇವ್ಳು, ಇನ್ನೊಂದು, ಇನ್ನೊಂದು! ಹೋಗ್, ಹೊಳೆಗೆ ಹೋಗು."

ಬೆಳ್ಳಿ ಖಾಲಿ ಕೊಡ ಎತ್ತಿಕೊಂಡಳು. ಹೊಳೆಗೆ ಹೋಗುವ ದಾರಿ ರಸ್ತೆ ದಾಟಿ ಇಳಿಯುತ್ತಿತ್ತು. ಅವಳು ರಸ್ತೆಯಂಚಿಗೆ ಬರುವುದಕ್ಕೂ ಬೆಳಗಿನ ಬಸ್ಸು ಬಂದು ನಿಲ್ಲುವುದಕ್ಕೂ ಸರಿಹೋಯಿತು.

"ಕೂತವ್ನ ಮನೆ!" ಎಂದು ಕೂಗಿ ಕಂಡಕ್ಟರನು ಗೋಡೆಯ ಕಡೆ ತಿರುಗಿದ. ಅವನ ಬಾಯಿ ತೆರೆದೇ ಉಳಿಯಿತು. "ಎಲ್ಲಿ ಹೋದ್ನೋ?" ಎಂದ ತನ್ನಷ್ಟಕ್ಕೆ.

ಬಸ್ಸಿನಿಂದ ಜರಿ ಶಾಲಿನ ಮುದುಕರೊಬ್ಬರು ಇಳಿದರು, ಅವರ ಹಿಂದೆ ಕೋಟು ತೊಟ್ಟ ಯುವಕ, ಇಬ್ಬರು ಹೆಂಗಸರು, ಹಣ್ಣಿನ ಬುಟ್ಟಿ. ಹೊಳೆ ದಾಟಲು ಮೊದಲ ಲಾಂಚು ಸಿಕ್ಕಿತ್ತೆಂದು ಕಾಣುತ್ತದೆ. ಜಗಲಿಯಲ್ಲಿ ಕವಳದ ತಟ್ಟೆ ಬಿದ್ದ ಸದ್ದಾಯಿತು. ಹೆಗಡೆಯವರು ಕೈ ಮುಗಿದುಕೊಂಡೇ ಓಡಿಬಂದರು. ನಾಗಪತಿ, ಭಟ್ಟರು ಹಿಂದೆ. ಬಾಗಿಲಲ್ಲಿ ನರ್ಮದಾ.

ಈಗ ಎಲ್ಲರೂ ಅಂಗಳದಲ್ಲಿದ್ದರು.

ಬೆಳ್ಳಿ ರಸ್ತೆಯಿಂದ ತಿರುಗಿದಳು. ಅವರೆಲ್ಲರ ಪಕ್ಕದಲ್ಲೇ ಹಾದು ಬಾವಿಯ ಕಡೆಗೆ ನಡೆದಳು. ಕಟ್ಟೆಯ ಎರಡು ಮೆಟ್ಟಿಲು ಹತ್ತಿದಳು. ಹಗ್ಗದ ಕುಣಿಕೆಯನ್ನು ಕೊಡದ ಕುತ್ತಿಗೆಗೆ ಬಿಗಿದು ಕೆಳಗೆ ಬಿಟ್ಟಳು. ಗಡಗಡೆ ಕಿರುಗುಟ್ಟಿತು.

ಹೆಗಡೆಯವರು ಆ ಸದ್ದಿಗೆ ತಿರುಗಿದರು. "ಬರವು, ಬರವು, ಒಳಗೆ ಬರವು," ಎನ್ನುತ್ತಿದ್ದ ಬಾಯಿ ಅಲ್ಲಿಗೇ ನಿಂತಿತು. ಬಯ್ಯಬೇಕಾದರೆ ಅವಳು ಯಾರೆಂದು ಹೇಳಬೇಕು. ಹೇಳಿದರೆ, ಬೀಗರು ನೋಡುತ್ತಿರುವಾಗ, ತಮ್ಮ ಬಾವಿಯಲ್ಲಿ ಎಂಥವಳು ನೀರು ಸೇದುತ್ತಿದ್ದಾಳೆಂದು ಅವರೇ ಸಾರಿದ ಹಾಗೆ.

ಕೊಡ ಮೇಲೆ ಬಂತು. ಬೆಳ್ಳಿ ಅದನ್ನು ಕಟ್ಟೆಯ ಮೇಲಿಟ್ಟು, ಒಂದು ಬೊಗಸೆ ನೀರು ತೆಗೆದು ಬಾಯಿಗೆ ಹಾಕಿಕೊಂಡಳು. ಗಂಟಲಲ್ಲಿ ಸುಣ್ಣದ ಹುಡಿ ಇಳಿಯಿತು.

ಜರಿ ಶಾಲಿನ ಮುದುಕರು ಅಷ್ಟು ಹೊತ್ತಿಗೆ ಕಟ್ಟೆಯ ಹತ್ತಿರ ಬಂದಿದ್ದರು. ಕಣ್ಣು ಮಂಜಾದವರು. ಅಡಿಯಿಂದ ಮುಡಿಯ ತನಕ ಬೆಳ್ಳಗಿದ್ದ ಹೆಂಗಸನ್ನು ನೋಡಿ, ಮನೆಯದೇ ಯಾರೋ ಗಟ್ಟಿಗಿತ್ತಿ ಹೆಂಗಸು ಎಂದುಕೊಂಡರೋ ಏನೋ.

"ಕಾಲಿಗೊಂದ್ ಚೂರು ನೀರು ಹೊಯ್ಯೇ ತಂಗಿ. ಬಾಯೂ ಒಣಗಿದ್ದು," ಎಂದು ಬೊಗಸೆ ಒಡ್ಡಿದರು.

ಬೆಳ್ಳಿ ಹೆಗಡೆಯವರನ್ನು ನೋಡಿದಳು. ಅವರ ಕೈಗಳು ಇನ್ನೂ ಮುಗಿದೇ ಇದ್ದವು. ಬೀಗರಿಗಾಗಿ ತಂದುಕೊಂಡಿದ್ದ ನಗು ಮುಖದ ಮೇಲೆ ಹಾಗೇ ಉಳಿದು ಒಣಗುತ್ತಿತ್ತು. ಭಟ್ಟರು ಆಕಾಶ ನೋಡುತ್ತಿದ್ದರು. ಗೋಡೆಯ ಬುಡದಲ್ಲಿ ಲಕ್ಕಿ ಏಣಿಯನ್ನು ತಬ್ಬಿ ನಿಂತಿದ್ದಳು, ಈ ಸಲ ನಗುತ್ತಿರಲಿಲ್ಲ. ಕೊಟ್ಟಿಗೆಯ ಹಿಂದೆ ನಲವತ್ತು ಸಸಿಗಳ ತುದಿ ಗಾಳಿಗೆ ಅಲುಗುತ್ತಿದ್ದವು.

ಅವಳು ಮುದುಕರ ಕಾಲಿಗೆ ಹೊಯ್ದಳು. ಆಮೇಲೆ ಬೊಗಸೆಗೆ ಹೊಯ್ದಳು, ಎದೆಯೆತ್ತರದಿಂದಲ್ಲ, ಹತ್ತಿರದಿಂದ, ಕೊಡದ ಕಂಠ ಅವರ ಬೆರಳಿಗೆ ತಾಗುವ ಹಾಗೆ. ಅವರು ಗಟಗಟ ಕುಡಿದರು.

"ಆಹಾ," ಎಂದರು ಗಡ್ಡ ಒರೆಸಿಕೊಂಡು. "ಹೆಗಡೇರೇ, ನಿಮ್ಮ ಬಾವಿ ನೀರು ಭಾರೀ ಸಿಹಿ ಇದ್ದು!"

ಹೆಗಡೆಯವರು ಹೌದೆಂಬಂತೆ ತಲೆಯಾಡಿಸಿದರು.

"ಇನ್ನೊಂದು?" ಎಂದಳು ಬೆಳ್ಳಿ, ಮತ್ತೆ ಹಗ್ಗ ಇಳಿಸುತ್ತ.